ಗಣಕಯಂತ್ರದ ಚಿತ್ರಗಳಲ್ಲಿ ಪಾರದರ್ಶಕತೆ

ಈ ಸ್ಮರಣ ಸಂಚಿಕೆಗಾಗಿ ಹಳೆಯ ಛಾಯಾಚಿತ್ರಗಳನ್ನು ಅಣಿಗೊಳಿಸುತ್ತಿರುವಾಗ ಒಂದು ಪ್ರಸಂಗವು ಒದಗಿತು. ಪ್ರಭುವಿನಲ್ಲಿ ನಿದ್ರೆಹೋದ ಉಪಾಧ್ಯಾಯಿನಿಯೊಬ್ಬರು ಬಿಳಿಯ ಸೀರೆಯನ್ನುಟ್ಟು, ಸುಣ್ಣ ಬಳಿದ ಗೋಡೆಯ ಮುಂದೆ ನಿಂತಿದ್ದ ಚಿತ್ರವದು. ಗೋಡೆಯನ್ನು ಮಾತ್ರ ತೆಗೆಯಬೇಕೆಂದು ವಿದ್ಯಾರ್ಥಿನಿಯೊಬ್ಬಳು ಅಳಿಸಲಾಗಿ, ಅದರೊಡನೆ ಸೀರೆಯ ಸೆರಗೂ ಮಾಯವಾಯಿತು. ಇದು ತಿಳಿದುದು ಮರುದಿನ ಕಡತವನ್ನು ತೆರೆದಾಗ. ಆದುದರಿಂದ ಹಿಂದಿನ ಕೆಲಸವನ್ನು ರದ್ದುಗೊಳಿಸುವ ಆಜ್ಞೆಯು ಉಪಯೋಗಕ್ಕೆ ಬರಲಿಲ್ಲ. ಬೇರೊಂದು ಪ್ರತಿಯೂ ನಮ್ಮಲ್ಲಿರಲಿಲ್ಲ. ಅವಳು ಬಹಳವಾಗಿ ಕಳವಳಗೊಂಡಳು. ಆದರೂ ಸೆರಗು ನಾಶವಾಗಿರಲಿಲ್ಲ. ಅದು ಹೇಗೆಂಬುದನ್ನು ಇಲ್ಲಿ ವಿವರಿಸುವೆನು.

ಗಣಕಯಂತ್ರದ ಚಿತ್ರವು ಅಸಂಖ್ಯಾತ ಬಿಂದುಗಳಿಂದ ಕೂಡಿರುವುದು. ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ವರ್ಣಗಳ ಅಂಕೆಗಳುಂಟು. ಇವುಗಳೊಡನೆ 'ಆಲ್ಫಾ' ಎಂಬ ನಾಲ್ಕನೆಯ ಅಂಕೆಯನ್ನೂ ಇರಿಸಬಹುದು. ಸಾಮಾನ್ಯವಾಗಿ ಇದು 0ಯಿಂದ 255ರ ವರೆಗೆ ಇರುವುದು. 0 ಎಂದರೆ ಬಿಂದುವು ಗಾಜಿನಂತೆ ಪೂರ್ಣ ಪಾರದರ್ಶಕ; 255 ಎಂದರೆ ಪೂರ್ಣ ಅಪಾರದರ್ಶಕ. ಈ ಉಪಾಯವನ್ನು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಎಂಬವರು ಕಂಡುಹಿಡಿದರು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬವರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ನಿಯಮಗಳನ್ನು ಪ್ರಕಟಿಸಿದರು.

ಒಂದು ಲೆಕ್ಕವನ್ನು ನೋಡಿರಿ. ಮೇಲಿನ ಬಿಂದುವಿನ ಕೆಂಪು 200, ಕೆಳಗಿನದು 100, ಆಲ್ಫಾ 51 ಎಂದಿಟ್ಟುಕೊಳ್ಳೋಣ. 51 ಎಂಬುದು 255ರ ಐದನೆಯ ಒಂದು ಪಾಲು. ಆದುದರಿಂದ ಮೇಲಿನದರಿಂದ 40, ಕೆಳಗಿನದರಿಂದ 80, ಒಟ್ಟು 120 ಕಣ್ಣಿಗೆ ಕಾಣುವುದು.

ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಆಲ್ಫಾ ಉಳ್ಳ ಪದರವನ್ನು ಅಳಿಸಿದರೆ, ಆಲ್ಫಾ ಮಾತ್ರ 0 ಆಗುವುದು; ವರ್ಣದ ಅಂಕೆಗಳು ಮರೆಯಲ್ಲಿ ಉಳಿದಿರುವುವು. ಅಳಿಸುವ ಉಪಕರಣದಲ್ಲಿಯೇ ಇರುವ 'ಆಂಟಿ ಇರೇಸ್' ಎಂಬ ಆಯ್ಕೆಯಿಂದ ಉಜ್ಜಲು ಅವು ಮರಳಿ ಕಾಣುವುವು. ನಮ್ಮ ಕಡತವು ಗಿಂಪಿನ ಸ್ವಂತ ರೂಪವಾದ ಎಕ್ಸ್‌ಸಿಎಫ್‌ನಲ್ಲಿದ್ದುದರಿಂದ ಸೆರಗು ಹೀಗೆಯೇ ಮರಳಿ ದೊರೆಯಿತು. ಜೆಪೆಗ್ ರೂಪದಲ್ಲಿ ಉಳಿಸಿದ್ದರೆ ಈ ಭಾಗ್ಯವಿರಲಿಲ್ಲ. ಅದರಲ್ಲಿ ಆಲ್ಫಾಕ್ಕೆ ಸ್ಥಳವೇ ಇಲ್ಲವಾದುದರಿಂದ, ಬರಿದಾದ ಭಾಗವು ಹಿನ್ನೆಲೆಯ ಬಣ್ಣದಿಂದ ತುಂಬಿಹೋಗುವುದು. ಜಿಫ್ ರೂಪದಲ್ಲಿ ಬಿಂದುವು ಪೂರ್ಣವಾಗಿ ಕಾಣಬೇಕು, ಇಲ್ಲವೆ ಪೂರ್ಣವಾಗಿ ಮರೆಯಾಗಬೇಕು. ಆದಕಾರಣ ಅಂಚುಗಳು ಒರಟಾಗುವುವು. 1996ರಲ್ಲಿ ಹೊರಬಂದ ಪಿಎನ್‌ಜಿ ರೂಪವು ನಡುವಣ ಮಟ್ಟಗಳನ್ನೂ ಕಾಪಾಡುವುದು. ಆದರೆ ಪಾರದರ್ಶಕ ಬಿಂದುಗಳ ವರ್ಣಗಳನ್ನೂ ಉಳಿಸುವ ಆಯ್ಕೆಯನ್ನು ಗುರುತಿಸದಿದ್ದರೆ, ಅಡಗಿರುವ ವರ್ಣಗಳು ಅದರಲ್ಲಿಯೂ ಕಳೆದುಹೋಗಬಹುದು.

ಇದಕ್ಕಿಂತಲೂ ಉತ್ತಮವಾದ ಕ್ರಮವೇನಂದರೆ, ಅಳಿಸದೆಯೇ ಪದರಕ್ಕೆ ಮುಸುಕನ್ನು ತೊಡಿಸುವುದು. ಮುಸುಕಿನ ಮೇಲೆ ಕಪ್ಪನ್ನು ಬಳಿದಲ್ಲಿ ಚಿತ್ರವು ಮರೆಯಾಗುವುದು, ಬಿಳಿಯನ್ನು ಬಳಿದಲ್ಲಿ ತಿರುಗಿ ತೋರುವುದು. ಕೂದಲು, ಸೆರಗು ಮುಂತಾದ ನವಿರಾದ ಅಂಚುಗಳಿಗೆ ಬೂದುಬಣ್ಣವು ತಕ್ಕದ್ದು. ತಪ್ಪಿದರೂ ಮೂಲಕ್ಕೆ ಹಾನಿಯಿಲ್ಲ.

ಆದುದರಿಂದ ಸೋದರಿಯರೇ, ನಮ್ಮನ್ನಗಲಿದ ಹಿರಿಯರ ಚಿತ್ರಗಳಿಗೆ ಕೈಹಚ್ಚುವ ಮೊದಲು ಮೂಲದ ಪ್ರತಿಯೊಂದನ್ನು ಬೇರೆಯಾಗಿ ತೆಗೆದಿಡಿರಿ. ಆ ಉಪಾಧ್ಯಾಯಿನಿಯವರ ಚಿತ್ರವು ಸೆರಗು ಸಹಿತವಾಗಿ ಈ ಸಂಚಿಕೆಯನ್ನು ಅಲಂಕರಿಸಿರುವುದು.