ಹೆಪ್ಪುಗಟ್ಟಿದ ನೆಲವೂ ಭಾರಕ್ಕೆ ಜರುಗುತ್ತದೆ

ಸೈಬೀರಿಯಾದ ಯಾಕುತ್ಸ್ಕ್ ನಗರದ ಬಹುಮಹಡಿ ಕಟ್ಟಡಗಳು ನೆಲಕ್ಕೆ ಅಂಟಿಕೊಂಡು ನಿಂತಿಲ್ಲ. ಆಳವಾಗಿ ಹುಗಿದ ಕಾಂಕ್ರೀಟ್ ಕಂಬಗಳ ಮೇಲೆ, ಅಡಿಯಲ್ಲಿ ಗಾಳಿ ಸುಳಿದಾಡುವಷ್ಟು ತೆರವು ಬಿಟ್ಟು ಅವುಗಳನ್ನು ಕಟ್ಟಲಾಗಿದೆ. ಜನವರಿಯ ಸರಾಸರಿ ಉಷ್ಣತೆ ಶೂನ್ಯಕ್ಕಿಂತ ಸುಮಾರು 38 ಡಿಗ್ರಿ ಕೆಳಗಿರುವ ಊರಿನಲ್ಲಿ ಮನೆಯ ಬುಡಕ್ಕೂ ಚಳಿಗಾಳಿಯನ್ನು ಬಿಟ್ಟುಕೊಳ್ಳುವುದೇಕೆ? ಮನೆಯೊಳಗಿನ ಬಿಸಿ ನೆಲಕ್ಕೆ ತಾಗಬಾರದೆಂದು.

ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಸತತವಾಗಿ ಹೆಪ್ಪುಗಟ್ಟಿರುವ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಅಲ್ಲಿ ಮಣ್ಣಿನ ಕಣಗಳನ್ನು ಬೆಸೆದಿರುವ ಸಿಮೆಂಟು ಎಂದರೆ ಮಂಜುಗಡ್ಡೆಯೇ. ಗುದ್ದಲಿಗೂ ಬಗ್ಗದ ಈ ನೆಲವನ್ನು ಬಂಡೆಯೆಂದು ಭ್ರಮಿಸುವುದು ಸುಲಭ. ಆದರೆ ಅದರ ಸ್ವಭಾವ ರಸ್ತೆಬದಿಯ ಡಾಂಬರು ಗಟ್ಟಿಯದ್ದು. ಸುತ್ತಿಗೆಯಿಂದ ಹೊಡೆದರೆ ಡಾಂಬರು ಸಿಡಿದು ಚೂರಾಗುತ್ತದೆ. ಅದೇ ಗಟ್ಟಿಯ ಮೇಲೆ ಕಲ್ಲೊಂದನ್ನಿಟ್ಟು ದಿನಗಟ್ಟಲೆ ಬಿಟ್ಟರೆ ಕಲ್ಲು ಸದ್ದಿಲ್ಲದೆ ಒಳಗಿಳಿದಿರುತ್ತದೆ.

ಹೆಪ್ಪುಗಟ್ಟಿದ ಮಣ್ಣೂ ಹೀಗೆಯೇ ಜರುಗುತ್ತದೆ. ನಿರಂತರ ಒತ್ತಡದಲ್ಲಿ ಮಂಜಿನ ಹರಳುಗಳು ಪದರಪದರವಾಗಿ ಸರಿಯುತ್ತವೆ. ಕಣಗಳು ಒಂದನ್ನೊಂದು ಒತ್ತುವೆಡೆ ಮಂಜು ಕರಗಿ, ಒತ್ತಡ ಕಡಿಮೆಯಿರುವೆಡೆಗೆ ಹರಿದು ಮತ್ತೆ ಹೆಪ್ಪುಗಟ್ಟುತ್ತದೆ. ಶೂನ್ಯಕ್ಕಿಂತ ಕೆಳಗೂ ಜೇಡಿಮಣ್ಣಿನ ಕಣಗಳ ಸುತ್ತ ಹೆಪ್ಪುಗಟ್ಟದ ನೀರಿನ ತೆಳುಪೊರೆ ಉಳಿದಿರುತ್ತದೆ. ಜಾರುವಿಕೆಗೆ ಅದೇ ಎಣ್ಣೆಯಂತೆ ಒದಗುತ್ತದೆ. ಮರಳಿನಲ್ಲಿ ಈ ಪೊರೆ ಅತ್ಯಲ್ಪ.

ಭಾರ ಮಿತವಾಗಿದ್ದರೆ ಜರುಗುವ ವೇಗ ಕ್ರಮೇಣ ತಗ್ಗುತ್ತದೆ. ಮಿತಿ ಮೀರಿದರೆ ಕೆಲಕಾಲ ಒಂದೇ ವೇಗದಲ್ಲಿ ಸಾಗಿ, ಬಳಿಕ ಒಮ್ಮೆಗೇ ಬಿರುಸಾಗಿ ನೆಲ ಕುಸಿಯುತ್ತದೆ. ಆದ್ದರಿಂದ ಇಲ್ಲಿ ಎಂಜಿನಿಯರರು ಕೇಳಬೇಕಾದ್ದು 'ಈ ನೆಲ ಎಷ್ಟು ಭಾರ ಹೊರುತ್ತದೆ' ಎಂದಷ್ಟೇ ಅಲ್ಲ, 'ಎಷ್ಟು ವರ್ಷ ಹೊರುತ್ತದೆ' ಎಂದೂ ಹೌದು. ದಿಢೀರ್ ಪರೀಕ್ಷೆಯಲ್ಲಿ ಕಾಣುವ ಬಲದ ಒಂದು ಅಂಶ ಮಾತ್ರ ದೀರ್ಘಕಾಲಕ್ಕೆ ಉಳಿಯುತ್ತದೆ.

ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಅಪಾಯಕ್ಕೆ ನೆಲ ಕರಗಲೇಬೇಕೆಂದಿಲ್ಲ. ಉಷ್ಣತೆ ಮೈನಸ್ 4ರಿಂದ ಮೈನಸ್ 1ಕ್ಕೆ ಏರಿದರೂ ನೀರಿನ ಪೊರೆ ದಪ್ಪವಾಗಿ ಜರುಗುವಿಕೆ ಚುರುಕಾಗುತ್ತದೆ. ಹವೆ ಬಿಸಿಯೇರುತ್ತಿರುವ ಈ ಕಾಲದಲ್ಲಿ, ಹಳೆಯ ಲೆಕ್ಕಾಚಾರದ ಮೇಲೆ ನಿಂತ ಕಟ್ಟಡಗಳಿಗೆ ಇದು ಸಣ್ಣ ಮಾತಲ್ಲ. 2020ರ ಮೇ 29ರಂದು ರಷ್ಯಾದ ನೊರಿಲ್ಸ್ಕ್ ಬಳಿ ಇಂಧನ ಟ್ಯಾಂಕೊಂದರ ಬುಡ ಕುಸಿದು 20,000 ಟನ್ನಿಗೂ ಹೆಚ್ಚು ಡೀಸೆಲ್ ಹರಿಯಿತು. ನೆಲ ಸಡಿಲಗೊಂಡದ್ದೇ ಕಾರಣವೆಂಬ ಮಾತು ಮೊದಲು ಬಂತು. ತನಿಖೆ ನಿರ್ಮಾಣದ ದೋಷಗಳನ್ನೂ ಎತ್ತಿ ತೋರಿತು. ನೆಲವೊಂದನ್ನೇ ದೂರುವುದು ನ್ಯಾಯವಲ್ಲ.

2006ರಲ್ಲಿ ಲ್ಹಾಸಾವರೆಗೆ ಸಂಚಾರಕ್ಕೆ ತೆರೆದುಕೊಂಡ ಛಿಂಗ್‌ಹಾಯ್–ಟಿಬೆಟ್ ರೈಲುಮಾರ್ಗ ಇಂಥ ನೆಲದ ಮೇಲೆಯೇ ಸುಮಾರು 550 ಕಿಲೋಮೀಟರ್ ಸಾಗುತ್ತದೆ. ಅಲ್ಲಿ ಹಳಿಯ ಪಕ್ಕಗಳಲ್ಲಿ ನೆಟ್ಟ ಮುಚ್ಚಿದ ಕೊಳವೆಗಳೊಳಗೆ ಅಮೋನಿಯಾ ಇದೆ. ಚಳಿಗಾಲದಲ್ಲಿ ಅದು ನೆಲದ ಬಿಸಿಗೆ ಆವಿಯಾಗಿ ಮೇಲೇರುತ್ತದೆ, ತಣ್ಣನೆಯ ಗಾಳಿಗೆ ಬಿಸಿಯನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗಿ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಮೇಲಿನ ಗಾಳಿ ನೆಲಕ್ಕಿಂತ ಬಿಸಿಯಾದೊಡನೆ ಈ ಓಡಾಟ ತಾನಾಗಿ ನಿಲ್ಲುತ್ತದೆ. ಪಂಪೂ ಬೇಡ, ವಿದ್ಯುತ್ತೂ ಬೇಡ.