ಮಲೆನಾಡಿನ ಮನೆಗಳಲ್ಲಿ ಸೌರ ವಿದ್ಯುತ್ ಫಲಕಗಳ ಸ್ಥಾಪನೆ

ಪಶ್ಚಿಮ ಘಟ್ಟದ ಸೆರಗಿನಲ್ಲಿರುವ ತೀರ್ಥಹಳ್ಳಿ, ಹೊಸನಗರ, ಸಾಗರ, ಶೃಂಗೇರಿ, ಕೊಪ್ಪ, ಸಿದ್ದಾಪುರ ಮೊದಲಾದ ತಾಲ್ಲೂಕುಗಳಲ್ಲಿಯೂ ಕೊಡಗಿನಲ್ಲಿಯೂ ಮನೆಗಳು ಒಂದಕ್ಕೊಂದು ದೂರವಾಗಿ, ತೋಟ ಗದ್ದೆಗಳ ಮಗ್ಗುಲಲ್ಲಿ, ಕಾಡಿನ ನಡುವೆ ಇರುವುದು ರೂಢಿ. ವಿದ್ಯುತ್ ತಂತಿಗಳು ಈ ಮನೆಗಳನ್ನು ಮುಟ್ಟಬೇಕಾದರೆ ದಟ್ಟವಾದ ಮರಗಳ ನಡುವೆ ಬಹುದೂರ ಹಾದು ಬರಬೇಕಾಗುತ್ತದೆ. ಮುಂಗಾರಿನ ಗಾಳಿಮಳೆಗೆ ಒಂದು ಮರವು ತಂತಿಯ ಮೇಲೆ ಉರುಳಿದರೂ ಸಾಕು, ಹಲವು ಮನೆಗಳು ದಿನಗಟ್ಟಲೆ ಕತ್ತಲೆಯಲ್ಲಿರಬೇಕಾಗುವುದು. ಇಂತಹ ಕಾಲದಲ್ಲಿ ದೀಪಕ್ಕೂ ದೂರವಾಣಿಗೂ ಆಸರೆಯಾಗಲೆಂದು ಅನೇಕರು ಸೌರ ಫಲಕಗಳನ್ನು ಹಾಕಿಸಲು ಅಪೇಕ್ಷಿಸುತ್ತಾರೆ. ಆದರೆ ವಿದ್ಯುತ್ತಿನ ಅವಶ್ಯಕತೆಯು ಹೆಚ್ಚಾಗಿರುವ ಆ ದಿನಗಳಲ್ಲಿಯೇ ಸೂರ್ಯನು ಮರೆಯಾಗಿರುತ್ತಾನೆಂಬುದು ಈ ಪ್ರಾಂತದ ವಿಶೇಷ ತೊಡಕು.

ಈ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಪ್ರಚಾರದಲ್ಲಿವೆ. ಮಳೆಯ ಸೀಮೆಯಲ್ಲಿ ಸೌರ ಫಲಕವು ನಿರುಪಯೋಗಿಯೆಂಬುದು ಒಂದು. ಮೋಡವಿದ್ದರೂ ಫಲಕವು ಕೆಲಸ ಮಾಡುವುದರಿಂದ ಯೋಚಿಸತಕ್ಕದ್ದು ಏನೂ ಇಲ್ಲವೆಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳು. ಬಯಲುಸೀಮೆಯ ಲೆಕ್ಕದಲ್ಲಿ ಕೊಂಡ ಫಲಕ ಬ್ಯಾಟರಿಗಳು ಮಾಘ ಫಾಲ್ಗುಣಗಳಲ್ಲಿ ಚೆನ್ನಾಗಿ ನಡೆದು, ಆಷಾಢದಲ್ಲಿ ನಿಂತುಹೋಗುತ್ತವೆ. ಮಳೆಗಾಲದಲ್ಲಿ ಹೀಗೆ ಬಳಲಿದ ಬ್ಯಾಟರಿಯು ಅವಧಿಗೆ ಮುಂಚೆಯೇ ಕೆಡುತ್ತದೆ. ಸಾಲದ ಕಂತು ಮಾತ್ರ ಉಳಿಯುತ್ತದೆ. ಗ್ರಾಮದ ಯಜಮಾನರೂ ದೊಡ್ಡ ಹಿಡುವಳಿದಾರರೂ ಮಾಡಿದುದನ್ನು ನೋಡಿ ಚಿಕ್ಕ ರೈತರು ನಡೆಯುವುದರಿಂದ, ಅವರು ಮೊದಲು ಈ ಲೆಕ್ಕವನ್ನು ತಿಳಿದುಕೊಳ್ಳುವುದು ಊರಿಗೇ ಹಿತಕರವಾದುದು.

ಮೋಡದ ಬೆಳಕಿನಲ್ಲಿ ಫಲಕದ ಕೆಲಸ:— ಬೆಳಕಿನಿಂದ ವಿದ್ಯುತ್ತು ಹುಟ್ಟುವುದೆಂಬ ಸಂಗತಿಯನ್ನು 1839 ರಲ್ಲಿ ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್ ಕಂಡುಹಿಡಿದನು. ಬಳಕೆಗೆ ಯೋಗ್ಯವಾದ ಸಿಲಿಕಾನ್ ಕೋಶವು 1954 ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಈ ಕೋಶಕ್ಕೆ ಬೇಕಾಗಿರುವುದು ಬೆಳಕೇ ಹೊರತು ಬಿಸಿಲಿನ ಕಾವಲ್ಲ. ಕಾವು ಹೆಚ್ಚಿದಂತೆ ಅದರ ಶಕ್ತಿಯು ಒಂದು ಡಿಗ್ರಿ ಸೆಲ್ಸಿಯಸ್‌ಗೆ ನೂರಕ್ಕೆ ಸುಮಾರು 0.3 ರಿಂದ 0.4 ರಷ್ಟು ಕುಗ್ಗುತ್ತದೆ. ಆದಕಾರಣ ತಂಪಾದ ಹವೆಯು ಫಲಕಕ್ಕೆ ದೋಷವಲ್ಲ, ಗುಣವೇ.

ಆದರೆ ಫಲಕದ ಬೆನ್ನಮೇಲೆ 100 ವ್ಯಾಟ್ ಅಥವಾ 300 ವ್ಯಾಟ್ ಎಂದು ಬರೆದಿರುವುದು, ಒಂದು ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬೀಳುವಾಗಲೂ ಕೋಶದ ಉಷ್ಣತೆಯು 25 ಡಿಗ್ರಿ ಇರುವಾಗಲೂ ದೊರೆಯತಕ್ಕ ಶಕ್ತಿಯೆಂದು ತಿಳಿಯತಕ್ಕದ್ದು. ದಟ್ಟವಾದ ಮೋಡ ಕವಿದಾಗ ಇದರ ಹತ್ತನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೆ ಮಾತ್ರ ದೊರೆಯುವುದು. ಮೋಡದಲ್ಲಿಯೂ ಫಲಕವು ಕೆಲಸ ಮಾಡುತ್ತದೆಂಬ ಮಾತಿನ ನಿಜವಾದ ಅರ್ಥವು ಇಷ್ಟೇ. ಕರ್ನಾಟಕಕ್ಕಿಂತ ಬಹಳ ಕಡಿಮೆ ಬಿಸಿಲು ಪಡೆಯುವ ಜರ್ಮನಿ ದೇಶದಲ್ಲಿ 2023 ರ ಕೊನೆಯ ಹೊತ್ತಿಗೆ 80,000 ಮೆಗಾವ್ಯಾಟಿಗೂ ಮಿಕ್ಕಿ ಸೌರ ಫಲಕಗಳು ಸ್ಥಾಪಿತವಾಗಿದ್ದುದು ನಿಜ. ಆದರೆ ಅಲ್ಲಿಯ ಮನೆಗಳಿಗೆ ಬಿಸಿಲಿಲ್ಲದ ದಿನಗಳಲ್ಲಿ ತಂತಿಯ ವಿದ್ಯುತ್ತು ತಪ್ಪದೆ ಬರುತ್ತದೆ. ಆ ಆಸರೆಯು ಕಡಿದುಹೋಗುವ ಮಲೆನಾಡಿನ ಮನೆಗೆ ಬೇರೆ ಲೆಕ್ಕವೇ ಬೇಕು.

ಯಾವ ತಿಂಗಳನ್ನು ನೋಡಿ ಅಳೆಯಬೇಕು:— ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯು 7,000 ಮಿಲಿಮೀಟರನ್ನು ಮೀರುತ್ತದೆ. ಅದರ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲವೇ ಫಲಕಕ್ಕೆ ಅತ್ಯಂತ ಕಷ್ಟದ ಕಾಲ. ಕೆರೆಯ ಕೋಡಿಯನ್ನು ಅತಿ ದೊಡ್ಡ ಮಳೆಗೆ ತಕ್ಕಂತೆ ಕಟ್ಟುವ ಹಾಗೆ, ಮನೆಯ ಸೌರ ವ್ಯವಸ್ಥೆಯನ್ನು ವರ್ಷದ ಅತಿ ಕಡಿಮೆ ಬೆಳಕಿನ ತಿಂಗಳಿಗೆ ತಕ್ಕಂತೆ ಅಳೆಯಬೇಕು. ಈ ಲೇಖನದ ಮುಖ್ಯ ತಾತ್ಪರ್ಯವು ಇದೇ.

ಮೊದಲು ಮನೆಯ ಖರ್ಚನ್ನು ಬರೆದುಕೊಳ್ಳತಕ್ಕದ್ದು. ಸಾಧಾರಣವಾದ ಒಂದು ಮನೆಯ ಮಳೆಗಾಲದ ನಿತ್ಯದ ಅವಶ್ಯಕತೆಯನ್ನು ಹೀಗೆ ಹಿಡಿಯಬಹುದು:

7 ವ್ಯಾಟಿನ 6 ಎಲ್‌ಇಡಿ ದೀಪಗಳು, 5 ಗಂಟೆ — 210 ವ್ಯಾಟ್-ಗಂಟೆ
10 ವ್ಯಾಟಿನ ಇಂಟರ್ನೆಟ್ ಮೋಡೆಮ್, 12 ಗಂಟೆ — 120 ವ್ಯಾಟ್-ಗಂಟೆ
40 ವ್ಯಾಟಿನ ಟೆಲಿವಿಷನ್, 2 ಗಂಟೆ — 80 ವ್ಯಾಟ್-ಗಂಟೆ
ಮೂರು ಮೊಬೈಲ್ ದೂರವಾಣಿಗಳು — 45 ವ್ಯಾಟ್-ಗಂಟೆ
ಒಟ್ಟು — 455 ವ್ಯಾಟ್-ಗಂಟೆ

ಇದೇ ಆರು ದೀಪಗಳು 60 ವ್ಯಾಟಿನ ಹಳೆಯ ಬಲ್ಬುಗಳಾಗಿದ್ದರೆ ದೀಪಕ್ಕೇ 1,800 ವ್ಯಾಟ್-ಗಂಟೆ ಬೇಕಾಗುತ್ತಿತ್ತು. ಹೊಸ ಫಲಕಕ್ಕೆ ಹಣ ಕೊಡುವುದಕ್ಕೆ ಮುಂಚೆ ಹಳೆಯ ದೀಪಗಳನ್ನು ಬದಲಾಯಿಸುವುದು ಎಷ್ಟು ಲಾಭಕರವೆಂಬುದು ಇದರಿಂದಲೇ ವ್ಯಕ್ತವಾಗುತ್ತದೆ. ಸ್ನಾನದ ನೀರು ಕಾಯಿಸುವ ಗೀಸರ್, ಇಸ್ತ್ರಿಪೆಟ್ಟಿಗೆ ಮುಂತಾದವುಗಳನ್ನು ಇಂತಹ ಸಣ್ಣ ವ್ಯವಸ್ಥೆಗೆ ಎಂದಿಗೂ ಜೋಡಿಸಕೂಡದು. ನೀರಿಗೆ ಹಂಡೆಯೊಲೆಯೇ ಸಾಕು.

ತಂತಿ, ಬ್ಯಾಟರಿ ಮೊದಲಾದವುಗಳಲ್ಲಿ ಆಗುವ ನಷ್ಟವನ್ನು ಕಳೆದು, ಫಲಕದ ಉತ್ಪತ್ತಿಯಲ್ಲಿ ನೂರಕ್ಕೆ 70 ರಷ್ಟು ಮಾತ್ರ ದೀಪಕ್ಕೆ ತಲುಪುವುದೆಂದು ಎಣಿಸಿದರೆ, ಮೇಲಿನ 455 ಕ್ಕೆ ಫಲಕವು ದಿನಕ್ಕೆ 650 ವ್ಯಾಟ್-ಗಂಟೆ ಕೊಡಬೇಕು. ತಿಳಿಯಾದ ಬೇಸಗೆಯ ದಿನವು ಪೂರ್ಣ ಬಿಸಿಲಿನ 5 ಗಂಟೆಗೆ ಸಮವೆಂದು ಹಿಡಿದರೆ 130 ವ್ಯಾಟಿನ ಫಲಕವು ಸಾಕೆಂದು ತೋರುವುದು. ಮಳೆಗಾಲದ ಸರಾಸರಿ ದಿನವನ್ನು ಎರಡೂವರೆ ಗಂಟೆಗೆ ಸಮವೆಂದು ಹಿಡಿದರೆ 260 ವ್ಯಾಟ್ ಬೇಕಾಗುವುದು. ಇದರಲ್ಲಿಯೂ ಅಂದಂದಿನ ಖರ್ಚು ತೀರುವುದೇ ಹೊರತು ಬರಿದಾದ ಬ್ಯಾಟರಿಯನ್ನು ತುಂಬಲು ಏನೂ ಮಿಗದು. ಆದುದರಿಂದ 330 ವ್ಯಾಟಿನ ಫಲಕವನ್ನು ಹಾಕಿಸುವುದು ಯುಕ್ತ. ಬೇಸಗೆಯ ಲೆಕ್ಕಕ್ಕೂ ಮಳೆಗಾಲದ ಲೆಕ್ಕಕ್ಕೂ ಎರಡೂವರೆ ಪಟ್ಟು ಅಂತರವುಂಟೆಂದಾಯಿತು.

ಬ್ಯಾಟರಿಯ ವಿಚಾರ:— ಮೇಲಿನ ಮನೆಗೆ ಎರಡು ದಿನದ ಖರ್ಚು ಸಂಗ್ರಹದಲ್ಲಿರಬೇಕೆಂದರೆ ಸುಮಾರು 900 ವ್ಯಾಟ್-ಗಂಟೆ ಬೇಕು. ಸೀಸ ಮತ್ತು ಆಮ್ಲದಿಂದ ಕೂಡಿದ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡುವುದು ಹಿತವಲ್ಲವಾದ್ದರಿಂದ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಕೊಳ್ಳತಕ್ಕದ್ದು. ಸತತವಾಗಿ ಮಳೆ ಸುರಿದು ದಿನಕ್ಕೆ ಒಂದು ಗಂಟೆಯ ಬಿಸಿಲಿಗೆ ಸಮನಾದ ಬೆಳಕು ಮಾತ್ರ ದೊರೆತಾಗ, 330 ವ್ಯಾಟಿನ ಫಲಕವುಳ್ಳ ಮನೆಯು ಈ ಬ್ಯಾಟರಿಯಿಂದ ನಾಲ್ಕು ದಿನ ನಡೆಯುವುದು. 130 ವ್ಯಾಟಿನ ಫಲಕವುಳ್ಳ ಮನೆಯು ಎರಡೂವರೆ ದಿನಕ್ಕೇ ಕತ್ತಲಾಗುವುದು. ಮಳೆ ಕೊಂಚ ಬಿಡುವು ಕೊಟ್ಟರೂ ನಿತ್ಯದ ಖರ್ಚಿನ ಅರ್ಧ ಮಾತ್ರ ದೊರೆಯುವುದರಿಂದ ಅದರ ಬ್ಯಾಟರಿಯು ತುಂಬುವ ಸಂಭವವೇ ಇಲ್ಲ.

ಹೀಗೆ ವಾರಗಟ್ಟಲೆ ಅರೆಬರಿದಾಗಿ ಉಳಿದ ಬ್ಯಾಟರಿಯೊಳಗೆ ಸೀಸದ ಸಲ್ಫೇಟು ತಟ್ಟೆಗಳ ಮೇಲೆ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಅದು ಮೊದಲಿನಂತೆ ತುಂಬಿಕೊಳ್ಳದು. ಮಲೆನಾಡಿನಲ್ಲಿ ಬ್ಯಾಟರಿಗಳು ಬೇಗ ಕೆಡುವುದಕ್ಕೆ ಇದೇ ಮುಖ್ಯ ಕಾರಣ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷದ ಭರವಸೆ ಕೊಡುವುದುಂಟು. ಹಣ ನಷ್ಟವಾಗುವುದು ಬ್ಯಾಟರಿಯಲ್ಲಿ. ಆದ್ದರಿಂದ ಫಲಕದಲ್ಲಿ ಉಳಿತಾಯ ಮಾಡಹೋಗಿ ಬ್ಯಾಟರಿಯನ್ನು ಕಳೆದುಕೊಳ್ಳಬಾರದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯು ಅರೆಬರಿದಾಗಿರುವುದರಿಂದ ಅಷ್ಟಾಗಿ ಕೆಡದು, ನೂರಕ್ಕೆ 80 ಪಾಲನ್ನು ಬಳಸಲು ಬರುತ್ತದೆ. ಬೆಲೆ ಮಾತ್ರ ಹೆಚ್ಚು. ಶಕ್ತಿಯುಳ್ಳವರು ಇದನ್ನು ಆರಿಸಿಕೊಳ್ಳುವುದು ಮಳೆಯ ಪ್ರಾಂತಕ್ಕೆ ಹೆಚ್ಚು ಅನುಕೂಲ.

ಸ್ಥಳದ ಆಯ್ಕೆ ಮತ್ತು ಇಳಿಜಾರು:— ಫಲಕದ ಕೋಶಗಳು ಸರಪಣಿಯಂತೆ ಒಂದಕ್ಕೊಂದು ಸೇರಿರುವುದರಿಂದ ಒಂದು ಅಡಿಕೆ ಸೋಗೆಯ ನೆರಳು ಮೂಲೆಯಲ್ಲಿ ಬಿದ್ದರೂ ಉತ್ಪತ್ತಿಯ ದೊಡ್ಡ ಭಾಗವು ನಷ್ಟವಾಗಬಹುದು. ಮನೆಯಂಗಳದಲ್ಲಿ ಅಡಿಕೆ ಒಣಗಿಸಲು ಚಪ್ಪರ ಹಾಕುವ ಸ್ಥಳವನ್ನು ಹಿರಿಯರು ಬಿಸಿಲನ್ನು ನೋಡಿಯೇ ಆರಿಸಿರುತ್ತಾರೆ. ಫಲಕಕ್ಕೂ ಮೊದಲು ಆ ಸ್ಥಳವನ್ನೇ ಪರೀಕ್ಷಿಸುವುದು ಲೇಸು. ಬೆಳಿಗ್ಗೆ 9 ಗಂಟೆಯಿಂದ ಸಾಯಂಕಾಲ 4 ಗಂಟೆಯವರೆಗೆ ನೆರಳು ಬೀಳಕೂಡದು.

ಆದರೆ ಅಡಿಕೆಯ ಸುಗ್ಗಿಯಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಈ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಕೊಂಚ ಉತ್ತರದಲ್ಲಿರುತ್ತಾನೆ. ಆದಕಾರಣ ಉತ್ತರದ ಕಡೆಯ ಮರಗಳನ್ನೂ ಗಮನಿಸತಕ್ಕದ್ದು. ಅಷ್ಟೇ ಅಲ್ಲದೆ, ಮೋಡದ ದಿನ ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಇಳಿದು ಬರುವುದರಿಂದ, ಹೆಚ್ಚು ಓರೆಯಾದ ಫಲಕಕ್ಕೆ ಕಾಣುವ ಆಕಾಶವು ಕಡಿಮೆ. ಹೆಂಚಿನ ಮಾಡಿನ ಕಡಿದಾದ ಇಳಿಜಾರಿನಲ್ಲಿಯೇ ಫಲಕವನ್ನು ಮಲಗಿಸುವುದಕ್ಕಿಂತ, ದಕ್ಷಿಣಾಭಿಮುಖವಾಗಿ 10 ರಿಂದ 15 ಡಿಗ್ರಿ ಮಾತ್ರ ಓರೆ ಮಾಡಿ ನಿಲ್ಲಿಸುವುದು ಉತ್ತಮ. 10 ಡಿಗ್ರಿಗಿಂತ ಕಡಿಮೆಯಾದರೆ ಮಳೆನೀರು ನಿಂತು ಪಾಚಿ ಕಟ್ಟುತ್ತದೆ. ಮಾಡಿನ ಮೇಲೆಯೇ ಹಾಕುವುದಾದರೆ ಹೆಂಚನ್ನು ಕೊರೆಯದೆ, ಕೊಕ್ಕೆಗಳನ್ನು ಪಕಾಸುಗಳಿಗೆ ಬಿಗಿಯತಕ್ಕದ್ದು. ಹೆಂಚು ಒಡೆದರೆ ಸೋರಿಕೆ ತಪ್ಪದು. ಅಂಗಳದಲ್ಲಿ ಕಲಾಯಿ ಹಾಕಿದ ಕಬ್ಬಿಣದ ಕಂಬಗಳನ್ನು ಕಾಂಕ್ರೀಟಿನಲ್ಲಿ ಭದ್ರವಾಗಿ ಹೂಳಿ ಅವುಗಳ ಮೇಲೆ ಫಲಕವನ್ನು ನಿಲ್ಲಿಸಿದರೆ ಒರೆಸುವುದಕ್ಕೂ ಸುಲಭ.

ತಂತಿಯ ವಿದ್ಯುತ್ತು ಇರುವ ಮನೆಗಳು:— 2024 ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ಕಿಲೋವ್ಯಾಟಿಗೆ 30,000 ರೂಪಾಯಿಯಂತೆಯೂ ಮೂರನೆಯದಕ್ಕೆ 18,000 ರೂಪಾಯಿಯೂ, ಒಟ್ಟು 78,000 ರೂಪಾಯಿ ಮೀರದಂತೆ ಸಹಾಯಧನವನ್ನು ಗೊತ್ತುಮಾಡಲಾಯಿತು. ಇದು ತಂತಿಗೆ ಜೋಡಿಸಿದ ಫಲಕಗಳಿಗೆ ಸಂಬಂಧಪಟ್ಟುದು. ಬೇಸಗೆಯಲ್ಲಿ ಹೆಚ್ಚಾದ ವಿದ್ಯುತ್ತು ತಂತಿಗೆ ಸೇರಿ, ಮೀಟರಿನಲ್ಲಿ ಮನೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ನೆರಳಿಲ್ಲದ ಸ್ಥಳದಲ್ಲಿ ಒಂದು ಕಿಲೋವ್ಯಾಟಿನ ಫಲಕಗಳಿಂದ ಮಲೆನಾಡಿನಲ್ಲಿ ವರ್ಷಕ್ಕೆ ಸುಮಾರು 1,200 ರಿಂದ 1,400 ಯೂನಿಟ್ ನಿರೀಕ್ಷಿಸಬಹುದು.

ಇಲ್ಲಿ ಎರಡು ವಿಷಯಗಳನ್ನು ಮರೆಯಬಾರದು. ಮೊದಲನೆಯದು, ತಂತಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಯಂತ್ರವು ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಲ್ಲುತ್ತದೆ. ತುಂಡಾದ ತಂತಿಯನ್ನು ಸರಿಪಡಿಸುವ ಕೆಲಸಗಾರರ ಪ್ರಾಣರಕ್ಷಣೆಗಾಗಿ ಈ ಏರ್ಪಾಡು. ಹೀಗಾಗಿ ಮೂರು ಕಿಲೋವ್ಯಾಟಿನ ಫಲಕಗಳು ಮಾಡಿನ ಮೇಲಿದ್ದರೂ, ಮರ ಬಿದ್ದ ರಾತ್ರಿ ಒಂದು ದೀಪವೂ ಉರಿಯದು. ಕತ್ತಲೆಯ ನಿವಾರಣೆಯೇ ಉದ್ದೇಶವಾದರೆ ಬ್ಯಾಟರಿ ಸೇರಿದ ಹೈಬ್ರಿಡ್ ಇನ್ವರ್ಟರನ್ನೇ ಕೇಳಬೇಕು. ಎರಡನೆಯದು, 2023 ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಈಗಾಗಲೇ ಬಿಲ್ಲು ಶೂನ್ಯವಾಗಿರುವ ಮನೆಗೆ ಫಲಕದಿಂದ ಬಿಲ್ಲಿನಲ್ಲಿ ಆಗತಕ್ಕ ಉಳಿತಾಯವು ಅತ್ಯಲ್ಪ. ಅಂತಹವರು ಉಳಿತಾಯದ ಆಸೆಯಿಂದ ಸಾಲ ಮಾಡುವುದು ಸಲ್ಲದು. ಮಳೆಗಾಲದ ದೀಪಕ್ಕೆ ಸಾಕಾಗುವ ಸಣ್ಣ ವ್ಯವಸ್ಥೆಯೇ ಅವರಿಗೆ ಯೋಗ್ಯ.

ಹಳ್ಳದ ನೀರಿನ ಸಹಾಯ:— ಬಿಸಿಲು ಕುಂದಿದಾಗಲೇ ಹಳ್ಳ ತುಂಬುವುದು ಮಲೆನಾಡಿನ ಭಾಗ್ಯ. ಮನೆಯ ಮೇಲ್ಭಾಗದಿಂದ ಕೊಳವೆಯಲ್ಲಿ ನೀರು ಇಳಿಸಿ ಸಣ್ಣ ಟರ್ಬೈನನ್ನು ತಿರುಗಿಸುವ ಪದ್ಧತಿಯು ಘಟ್ಟದ ಅನೇಕ ಮನೆಗಳಲ್ಲಿ ಬಳಕೆಯಲ್ಲಿದೆ. ಅಂತಹ ಇಳಿನೀರು ಇರುವವರು ಮಳೆಗಾಲಕ್ಕೆ ನೀರನ್ನೂ ಉಳಿದ ಕಾಲಕ್ಕೆ ಬಿಸಿಲನ್ನೂ ನೆಚ್ಚಿದರೆ, ಸಣ್ಣ ಫಲಕದಿಂದಲೇ ವರ್ಷಪೂರ್ತಿ ಕೆಲಸ ಸಾಗುವುದು.

ಸಂರಕ್ಷಣೆ:— ಮುಂಗಾರಿಗೆ ಮುಂಚೆ ವೈಶಾಖದಲ್ಲಿಯೇ ಫಲಕವನ್ನು ನೀರಿನಿಂದಲೂ ಮೆತ್ತನೆಯ ಬಟ್ಟೆಯಿಂದಲೂ ಒರೆಸಿ, ಕೆಳಗಿನ ಅಂಚಿನಲ್ಲಿ ಕಟ್ಟಿದ ಪಾಚಿಯನ್ನು ತೆಗೆಯಬೇಕು. ನೆರಳು ಚಾಚಿದ ಕೊಂಬೆಗಳನ್ನು ಸವರಬೇಕು. ಟ್ಯೂಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನಲ್ಲದೆ ಬಾವಿಯ ನೀರನ್ನು ಹಾಕಕೂಡದು. ಅದನ್ನು ಗಾಳಿಯಾಡುವ ಒಣ ಸ್ಥಳದಲ್ಲಿ, ಒಲೆಗೆ ದೂರವಾಗಿ ಇಡತಕ್ಕದ್ದು. ಚೌಕಟ್ಟಿಗೆ ಭೂಸಂಪರ್ಕವನ್ನು ಕೊಟ್ಟು, ಸಿಡಿಲಿನ ಹೊಡೆತವನ್ನು ತಡೆಯುವ ಉಪಕರಣವನ್ನು ಹಾಕಿಸುವುದು ಅತ್ಯವಶ್ಯ. ಮಳೆ ಹಿಡಿದು ಮೂರನೆಯ ದಿನವೂ ಬಿಡದಿದ್ದರೆ ಟೆಲಿವಿಷನ್ನನ್ನು ನಿಲ್ಲಿಸಿ, ಎರಡು ಮೂರು ದೀಪಗಳಿಂದ ಕೆಲಸ ತೂಗಿಸಿಕೊಳ್ಳುವುದು ಜಾಣತನ.

ಯಜಮಾನರು ಗಮನಿಸತಕ್ಕ ವಿಷಯಗಳು:— ಊರಿನಲ್ಲಿ ಯಾರಾದರೂ ಫಲಕ ಹಾಕಿಸಲು ಹೊರಟರೆ, ಮಳೆಗಾಲದ ಲೆಕ್ಕವನ್ನು ಮಾರುವವರಿಂದ ಬರೆಯಿಸಿಕೊಳ್ಳುವಂತೆ ತಿಳಿಸಬೇಕು. ದಿನದ ಖರ್ಚೆಷ್ಟು, ಜುಲೈ ತಿಂಗಳಲ್ಲಿ ಉತ್ಪತ್ತಿಯೆಷ್ಟು, ಬಿಸಿಲಿಲ್ಲದೆ ಎಷ್ಟು ದಿನ ದೀಪ ನಡೆಯುವುದು, ಕೆಟ್ಟಾಗ ಮಳೆಯಲ್ಲಿ ಬಂದು ಸರಿಪಡಿಸುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ದೊರೆಯದೆ ಮುಂಗಡ ಕೊಡಬಾರದು. ಊರಿನ ಒಬ್ಬಿಬ್ಬರು ತರುಣರು ಈ ಕೆಲಸವನ್ನು ಕಲಿತಿದ್ದರೆ, ರಸ್ತೆ ಕಡಿದುಹೋದ ದಿನಗಳಲ್ಲಿ ಎಲ್ಲ ಮನೆಗಳಿಗೂ ಆಸರೆಯಾಗುವುದು. ಸೌರ ಫಲಕವು ಮಲೆನಾಡಿಗೆ ಒಗ್ಗದ ವಸ್ತುವಲ್ಲ. ಆಷಾಢದ ಬೆಳಕನ್ನು ಅಳೆದು ಹಾಕಿಸಿದವರಿಗೆ ಅದು ವರ್ಷದ ಹನ್ನೆರಡು ತಿಂಗಳೂ ಉಪಯುಕ್ತವಾಗಿರುವುದು.