ಕುದಿಸಿದರೂ ಹೋಗದ ವಿಷ

ನೀರನ್ನು ಕುದಿಸಿ ಕುಡಿಯಿರಿ ಎಂದು ನಾವು ವೈದ್ಯರು ಸದಾ ಹೇಳುತ್ತೇವೆ. ಆದರೆ 2014ರ ಆಗಸ್ಟ್ 2ರಂದು ಅಮೆರಿಕದ ಟೊಲೀಡೊ ನಗರದಲ್ಲಿ ಹೊರಟ ಎಚ್ಚರಿಕೆಯೇ ಬೇರೆ: ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ! ಸುಮಾರು ಮೂರು ದಿನ ಲಕ್ಷಾಂತರ ಜನರು ಬಾಟಲಿ ನೀರಿಗಾಗಿ ಪರದಾಡಿದರು.

ಆ ನಗರಕ್ಕೆ ನೀರು ಬರುವುದು ಈರಿ ಸರೋವರದಿಂದ. ಬೇಸಿಗೆಯಲ್ಲಿ ಅಲ್ಲಿ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ಹಬ್ಬುತ್ತದೆ. ಹೆಸರಿಗೆ ಪಾಚಿ, ನಿಜವಾಗಿ ಅದೊಂದು ಬ್ಯಾಕ್ಟೀರಿಯಾ. ಅದರಲ್ಲಿರುವ ಮೈಕ್ರೋಸಿಸ್ಟಿನ್ ಯಕೃತ್ತನ್ನು ಕೆಡಿಸುವ ವಿಷ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಈ ವಿಷ ಅಳಿಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. 1996ರಲ್ಲಿ ಬ್ರೆಜಿಲ್‌ನ ಕರುವಾರು ಪಟ್ಟಣದಲ್ಲಿ ಇಂತಹ ನೀರನ್ನು ಡಯಾಲಿಸಿಸ್‌ಗೆ ಬಳಸಿದ್ದರಿಂದ ಸುಮಾರು 50 ರೋಗಿಗಳು ಮೃತಪಟ್ಟರು.

ಮೈಲುತುತ್ತು ಹಾಕಿದರೆ ಪಾಚಿ ಸಾಯುತ್ತದೆ ನಿಜ. ಆದರೆ ಅದರ ಜೀವಕೋಶಗಳು ಒಡೆದು ಒಳಗಿನ ವಿಷವೆಲ್ಲ ನೀರಿಗೆ ಸೇರುತ್ತದೆ. ರೋಗದ ಮೂಲ ಬಿಟ್ಟು ಲಕ್ಷಣವನ್ನಷ್ಟೇ ಅದುಮಿದಂತೆ ಇದು.

ಮೂಲವನ್ನು ತೋರಿಸಿಕೊಟ್ಟದ್ದು ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ತಂಡ 1973ರಲ್ಲಿ ಆರಂಭಿಸಿದ ಪ್ರಯೋಗ. ಒಂದು ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಸಾರಜನಕ ಮತ್ತು ಇಂಗಾಲ ಸೇರಿಸಿದರು. ರಂಜಕವನ್ನು ಒಂದಕ್ಕೆ ಮಾತ್ರ. ರಂಜಕ ಬಿದ್ದ ಭಾಗ ಹಸಿರು ಪಾಚಿಯಿಂದ ತುಂಬಿತು. ರಂಜಕ ಕೆರೆಗೆ ಬರುವುದು ಹೊಲದ ಗೊಬ್ಬರ, ಚರಂಡಿ ನೀರು, ಬಟ್ಟೆ ತೊಳೆಯುವ ಪುಡಿಗಳಿಂದ. ಅದನ್ನು ತಡೆಯುವುದೇ ನಿಜವಾದ ಚಿಕಿತ್ಸೆ.

ನಿಮ್ಮೂರ ಕೆರೆಯಲ್ಲಿ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಮಕ್ಕಳನ್ನು ಇಳಿಸಬೇಡಿ, ಜಾನುವಾರುಗಳಿಗೆ ಕುಡಿಸಬೇಡಿ. ಕುದಿಸಿದರೆ ಸಾಕೆಂದು ಆ ನೀರನ್ನು ಮನೆಗೆ ತರಲೇಬೇಡಿ.